ಎರಡನೇ ಡಿಕಾಕ್ಷನ್

ಹೋದ ವರ್ಷ ಪೂರ್ತಿ ನನ್ನ ತಲೆ ತಿಂದ ಸಂಖ್ಯೆ 58.

ಅದು ನನ್ನ ತೂಕ ಅಲ್ಲ, ಆ ಭಾಗ್ಯ ಎಂದೋ ಮುಗೀತು. ಮಗಳ ಗಣಿತದ ಮಾರ್ಕ್ಸೂ ಅಲ್ಲ. ನಾನು ಗ್ಯಾರೇಜಿನಲ್ಲಿ ಮಾಡೋ ಬಿಯರಿನ ಎಫಿಷಿಯನ್ಸಿ. ನೂರಕ್ಕೆ 58. ಇದರ ಜೊತೆ ಒಡನಾಡಿದವರಿಗೆ ಗೊತ್ತು, 58 ಅನ್ನೋದು ಫೇಲ್ ಅಲ್ಲ, ಆದರೆ ನಾಲ್ಕು ಜನರೆದುರು ಹೇಳಿಕೊಳ್ಳೋ ಮಾರ್ಕೂ ಅಲ್ಲ. ಅದರಲ್ಲೂ ಹಗಲೆಲ್ಲ ಆಫೀಸಲ್ಲಿ ಬೇರೆಯವರ ಕೋಡ್ ಯಾಕೆ ನಿಧಾನ ಓಡ್ತಿದೆ ಅಂತ ಹುಡುಕಿ ಸಂಬಳ ತಗೊಳ್ಳೋ ನನ್ನಂಥವನಿಗೆ ಅದು ಅವಮಾನ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ನಾನಿರೋದು ಶಿಕಾಗೋ ಪಕ್ಕದ ಒಂದು ಉಪನಗರದಲ್ಲಿ. ಕಾರು ಮನೆಯ ಹೊರಗೆ ಹಿಮದಲ್ಲಿ ನಡುಗುತ್ತಿರುತ್ತೆ, ಗ್ಯಾರೇಜಿನ ಒಳಗೆ ನನ್ನ ಪಾತ್ರೆಪಡಗಗಳು ಬೆಚ್ಚಗಿರುತ್ತವೆ. ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳೋಕೆ ಫೆಡರಲ್ ಕಾನೂನಿನ ಅಡ್ಡಿ ಇಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ, ಇಬ್ಬರು ವಯಸ್ಕರಿರೋ ಮನೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು, ಮಾರೋ ಹಾಗಿಲ್ಲ. ಬೆಂಗಳೂರಲ್ಲಿ ಕೂತು ಓದ್ತಿರೋರು ದಯವಿಟ್ಟು ಬಾಲ್ಕನಿಯಲ್ಲಿ ಶುರು ಹಚ್ಕೋಬೇಡಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬರ್ತಾರೆ, ಅವರು ರುಚಿ ನೋಡೋಕೆ ಬರೋದಲ್ಲ.

ಮನೆ ಬಿಯರಿನಲ್ಲಿ ಎರಡು ಪಂಥ. ಡಬ್ಬದಲ್ಲಿ ಸಿಗೋ ಮಾಲ್ಟ್ ಪಾಕವನ್ನು ನೀರಿಗೆ ಬೆರೆಸಿ ಕುದಿಸೋದು ಒಂದು, ರೆಡಿಮಿಕ್ಸ್ ಇಡ್ಲಿ ಇದ್ದ ಹಾಗೆ. ಇನ್ನೊಂದು ಆಲ್-ಗ್ರೇನ್. ಅಕ್ಕಿ, ಉದ್ದು ನೆನೆಸಿ, ರುಬ್ಬಿ, ಹುದುಗು ಬರೋ ತನಕ ಕಾಯೋ ಪಂಥ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟನ್ನು ನಾವೇ ಒಡೆದು, 66 ಡಿಗ್ರಿ ಆಸುಪಾಸಿನ ನೀರಿನಲ್ಲಿ ಒಂದು ಗಂಟೆ ನೆನೆಸಿಡಬೇಕು. ಮೊಳಕೆಯ ಜೊತೆ ಬಂದ ಕಿಣ್ವಗಳು ಕಾಳಿನ ಪಿಷ್ಟವನ್ನ ಸಕ್ಕರೆ ಮಾಡುತ್ತವೆ. ಇದು ಮ್ಯಾಶ್. ಆಮೇಲೆ ಆ ಸಿಹಿನೀರನ್ನು ಬಸಿದುಕೊಳ್ಳಬೇಕು. ಅದರ ಹೆಸರು ವರ್ಟ್. ಬಸಿದ ಮೇಲೂ ಕಾಳಿನ ರಾಶಿಯಲ್ಲಿ ಬೇಕಾದಷ್ಟು ಸಕ್ಕರೆ ಅಂಟಿಕೊಂಡಿರುತ್ತೆ. ಅದರ ಮೇಲೆ ಮತ್ತೆ ಬಿಸಿನೀರು ಹಾಯಿಸಿ ತೊಳೆದು ತೆಗೆಯೋದೇ ಸ್ಪಾರ್ಜ್. ಲ್ಯಾಟಿನ್‌ನಲ್ಲಿ ಚಿಮುಕಿಸು ಅನ್ನೋ ಅರ್ಥದ ಪದದಿಂದ ಬಂದದ್ದು.

58ರ ಲೆಕ್ಕ ಹೀಗೆ. ನಾನು ಹಾಕ್ತಿದ್ದದ್ದು 10 ಪೌಂಡ್ ಮಾಲ್ಟ್, ಸುಮಾರು ನಾಲ್ಕೂವರೆ ಕೆ.ಜಿ. ಸಿಗೋ ಬಿಯರ್ 5 ಗ್ಯಾಲನ್, ಅಂದರೆ 19 ಲೀಟರ್. ಅದರಲ್ಲಿರೋ ಸಕ್ಕರೆ ಪೂರ್ತಿ ಬಂದರೆ ಹೈಡ್ರೋಮೀಟರ್ 1.072 ತೋರಿಸಬೇಕು. ನನಗೆ ಪ್ರತಿಸಲ ಬರ್ತಿದ್ದದ್ದು 1.042. 72ಕ್ಕೆ 42. ಅಂದರೆ ನೂರಕ್ಕೆ 58. ಮಿಕ್ಕ 42 ಭಾಗ ಎಲ್ಲಿ ಹೋಗ್ತಿದೆ? ಈ ಪ್ರಶ್ನೆ ಇಟ್ಟುಕೊಂಡು ನಾನು ನಿದ್ದೆ ಕೆಟ್ಟಿದ್ದೀನಿ. ಉತ್ಪ್ರೇಕ್ಷೆ ಅಲ್ಲ, ಹೆಂಡತಿಯನ್ನ ಕೇಳಿ.

ಇಂಥ ಹೊತ್ತಲ್ಲಿ ಅಮ್ಮ ಬಂದಳು.

ಅಪ್ಪ ಹೋದ ಮೇಲೆ ಒಬ್ಬಳೇ ಇದ್ದಳು, ಹಾಸನದ ಹತ್ತಿರದ ನಮ್ಮೂರಲ್ಲಿ. ಆರು ತಿಂಗಳಿಗೆ ಅಂತ ಕರೆಸಿಕೊಂಡೆವು. ಬರೋ ಮುಂಚೆ ಹೆಂಡತಿ ಒಂದೇ ಮಾತು ಕೇಳಿದಳು: "ಗ್ಯಾರೇಜಿಗೆ ಏನು ಹೇಳ್ತೀರಾ?" ನಾನು ಧೈರ್ಯವಾಗಿ, ಅಮ್ಮಂಗೆ ಅರ್ಥ ಆಗುತ್ತೆ ಅಂದೆ. ಅರ್ಥ ಆಗೋದೇ ತೊಂದರೆ ಅನ್ನೋದು ನನಗೆ ಆಗ ಹೊಳೆದಿರಲಿಲ್ಲ.

ಬಂದ ಮೂರನೇ ದಿನ ಬಟ್ಟೆ ಒಣಗಿಸೋಕೆ ಜಾಗ ಹುಡುಕುತ್ತಾ ಗ್ಯಾರೇಜಿನ ಬಾಗಿಲು ತೆಗೆದಳು. ನಲವತ್ತು ಲೀಟರಿನ ಸ್ಟೀಲ್ ಪಾತ್ರೆ, ಗ್ಯಾಸ್ ಒಲೆ, ಕಿತ್ತಳೆ ಬಣ್ಣದ ದೊಡ್ಡ ಕೂಲರ್, ಅದರ ಬುಡಕ್ಕೊಂದು ನಲ್ಲಿ, ಟ್ಯೂಬುಗಳು, ಸಾಲಾಗಿ ಬಾಟಲಿಗಳು.

"ಯಾರದ್ದಾದ್ರೂ ಮದ್ವೆ ಅಡುಗೆ ಒಪ್ಕೊಂಡಿದ್ದೀಯೇನೋ?"

ಹೇಳಿದೆ. ಬಾರ್ಲಿ, ಮೊಳಕೆ, ಹುದುಗು, ಸಾವಿರಾರು ವರ್ಷದ ಇತಿಹಾಸ, ಇದೊಂದು ಕ್ರಾಫ್ಟ್. ಅಮ್ಮ ಮಧ್ಯೆ ಬಾಯಿ ಹಾಕಲಿಲ್ಲ. ಬಾಟಲಿಗಳ ಸಾಲನ್ನ ಈ ತುದಿಯಿಂದ ಆ ತುದಿವರೆಗೆ ನೋಡಿದಳು. ಆಮೇಲೆ, "ನಿನ್ ಮಾವನೂ ಮೊದಮೊದಲು ಹಬ್ಬಕ್ಕಷ್ಟೇ ಅಂತಿದ್ದ" ಅಂದು ಒಳಗೆ ಹೋದಳು.

ಮಾವ ಅಂದರೆ ಅಮ್ಮನ ತಮ್ಮ. ನನಗೆ ಈಜು ಕಲಿಸಿದವನು. ಪ್ಯಾಕೆಟ್ ಸಾರಾಯಿ ಅವನನ್ನ ಹತ್ತು ವರ್ಷದಲ್ಲಿ ಮುಗಿಸಿತು. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಅಮ್ಮ ಪೇಪರ್ ಮಡಚಿಟ್ಟು, "ನಾಲ್ಕು ವರ್ಷ ತಡ ಆಯ್ತು" ಅಂದಿದ್ದು ನೆನಪಿದೆ. ನಾನು ಅದನ್ನ ಮರೆತಿರಲಿಲ್ಲ. ಆದರೆ ಅದಕ್ಕೂ ನನ್ನ ಹೈಡ್ರೋಮೀಟರಿಗೂ ಸಂಬಂಧ ಇದೆ ಅಂತ ಅಂದುಕೊಂಡಿರಲಿಲ್ಲ ಅಷ್ಟೇ.

ಎರಡು ವಾರ ಗ್ಯಾರೇಜಿನ ಮಾತೇ ಬರಲಿಲ್ಲ. ನಮ್ಮ ಮನೆಯಲ್ಲಿ ಜಗಳ ಆಗಲ್ಲ, ಉಪ್ಪಿಟ್ಟಿಗೆ ಉಪ್ಪು ಕಡಿಮೆ ಆಗುತ್ತೆ.

ಮೌನ ಮುರಿದದ್ದು ಒಂದು ಪಾರ್ಸೆಲ್ಲು. ಆನ್‌ಲೈನಲ್ಲಿ ಆರ್ಡರ್ ಮಾಡಿದ್ದೆ. ಅಮ್ಮನೇ ಬಾಗಿಲಲ್ಲಿ ತಗೊಂಡಳು. ದೊಡ್ಡ ಚೀಲ, ಹೂವಿನಷ್ಟು ಹಗುರ. ಬಿಚ್ಚಿ ನೋಡಿದಳು. ಮೂಸಿ ನೋಡಿದಳು. ಬೆರಳಲ್ಲಿ ಉಜ್ಜಿ ನೋಡಿದಳು.

"ಏನೋ ಇದು? ಭತ್ತದ ಹೊಟ್ಟಲ್ವೇನೋ?"

ಹೌದು, ಭತ್ತದ ಹೊಟ್ಟು. ಗೋಧಿ ಹೆಚ್ಚಿಗೆ ಹಾಕಿದಾಗ ಕಾಳಿನ ರಾಶಿ ಅಂಟಂಟಾಗಿ, ವರ್ಟ್ ಕೆಳಗೆ ಇಳಿಯೋದೇ ನಿಂತುಹೋಗುತ್ತೆ. ಗೋಧಿಗೆ ಬಾರ್ಲಿಯ ಥರ ಸಿಪ್ಪೆ ಇರಲ್ಲ. ಆಗ ಎರಡು ಹಿಡಿ ಭತ್ತದ ಹೊಟ್ಟು ಬೆರೆಸಿದರೆ ಮಧ್ಯೆ ಸಂದು ಉಳಿದು ನೀರು ಹರಿಯುತ್ತೆ. ರುಚಿ ಕೊಡಲ್ಲ, ಸಕ್ಕರೆ ಕೊಡಲ್ಲ, ದಾರಿ ಮಾತ್ರ ಕೊಡುತ್ತೆ.

"ಇದಕ್ಕೆ ದುಡ್ಡು ಕೊಟ್ಯಾ? ಡಾಲರ್ರಾ?"

ಎಷ್ಟು ಅಂತ ಹೇಳಿದೆ. ಅಮ್ಮ ಎಂಬತ್ತರಿಂದ ಗುಣಿಸಿದಳು. ಆಮೇಲೆ ನಗೋಕೆ ಶುರು ಮಾಡಿದಳು ನೋಡಿ, ಅಪ್ಪ ಹೋದ ಮೇಲೆ ಹಾಗೆ ನಕ್ಕಿದ್ದನ್ನ ನಾನು ನೋಡಿರಲಿಲ್ಲ. ಊರಲ್ಲಿ ಮಿಲ್ಲಿನವನು ರಾಶಿ ಹಾಕಿ ಸುಡೋ ಹೊಟ್ಟು! ಅವತ್ತೇ ಫೋನ್ ಮಾಡಿ ಚಿಕ್ಕಮ್ಮನಿಗೂ, ಪಕ್ಕದ ಮನೆಯವರಿಗೂ ಹೇಳಿದಳು. "ಎಂಜಿನಿಯರ್ ಓದಿ ಹೊಟ್ಟು ಕೊಂಡ್ಕೊಂಡವ್ನೆ."

ಆ ಶನಿವಾರ ನಾನು ಬ್ರೂ ಮಾಡೋವಾಗ ಗ್ಯಾರೇಜಿಗೆ ಕುರ್ಚಿ ಎಳ್ಕೊಂಡು ಬಂದು ಕೂತಳು. ಸೊಪ್ಪು ಬಿಡಿಸೋ ನೆಪ. ಹೈಡ್ರೋಮೀಟರ್ ತೆಗೆದ ಕೂಡಲೇ ಗುರುತು ಹಿಡಿದಳು. "ಡೈರೀಲಿ ಹಾಲಿಗೆ ಬಿಡ್ತಾರಲ್ಲ, ಅದೇ." ಹೆಚ್ಚುಕಡಿಮೆ ಅದೇ. ಹಾಲಿನ ಲ್ಯಾಕ್ಟೋಮೀಟರ್ ನೀರು ಬೆರೆಸಿದ್ದನ್ನ ಹಿಡಿಯುತ್ತೆ, ಇದು ಸಕ್ಕರೆ ಎಷ್ಟಿದೆ ಅನ್ನೋದನ್ನ ಹೇಳುತ್ತೆ. ತತ್ವ ಒಂದೇ, ದ್ರವ ದಪ್ಪ ಇದ್ದಷ್ಟೂ ಕೊಳವೆ ಮೇಲೆ ತೇಲುತ್ತೆ. ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕಿದವಳಿಗೆ ನಾನು ವಿಶಿಷ್ಟ ಸಾಂದ್ರತೆ ವಿವರಿಸೋಕೆ ಹೊರಟಿದ್ದೆ.

ಅವತ್ತೂ 1.042. ನಾನು ಗೊಣಗುತ್ತಾ ಕೂಲರ್ ಬೋರಲು ಹಾಕಿ, ರಸ ಹೋದ ಕಾಳನ್ನ ಕಸದ ಚೀಲಕ್ಕೆ ತುಂಬ್ತಾ ಇದ್ದೆ.

"ಅಯ್ಯೋ, ಬೂಸಾ ಎಸೀತೀಯೇನೋ? ಹಸು ಹೆಂಗ್ ತಿಂತಾವೆ ಗೊತ್ತಾ ಇದನ್ನ?" ಅಂತ ಒಂದು ಚಿಟಿಕೆ ತಗೊಂಡು ಬಾಯಿಗೆ ಹಾಕ್ಕೊಂಡಳು. ಈಸ್ಟ್ ಇನ್ನೂ ಹಾಕಿಲ್ಲ, ಹೆಂಡದ ಸೋಂಕಿಲ್ಲ, ಬರೀ ಬಾರ್ಲಿ ಅಂತ ಅವಳಿಗೆ ಗೊತ್ತಿತ್ತು. ಜಗಿದಳು. "ಇನ್ನೂ ಸೀ ಐತಲ್ಲೋ."

ನಾನು ನಿಂತೆ. ನಾನೂ ಬಾಯಿಗೆ ಹಾಕ್ಕೊಂಡೆ. ಮೇಲಿನದ್ದು ಸಪ್ಪೆ. ಗೋಡೆಯ ಪಕ್ಕದ್ದು, ಅಡಿ ಮೂಲೆಯದ್ದು ಸಿಹಿ. ಬೆಲ್ಲದ ಪಾಕಕ್ಕೆ ಅದ್ದಿದ ಹಾಗೆ ಸಿಹಿ. ಒಂದು ವರ್ಷ ಸ್ಪ್ರೆಡ್‌ಶೀಟಲ್ಲಿ ಹುಡುಕಿದ 42 ಭಾಗ ಕೂಲರಿನ ಮೂಲೆಯಲ್ಲಿ ಕೂತಿತ್ತು. ಬ್ರೂ ಮಾಡೋರಿಗೆ ನನ್ನ ಮೊದಲ ಸಲಹೆ ಇದು: ಎಸೆಯೋ ಮುಂಚೆ ಕಾಳಿನ ರುಚಿ ನೋಡಿ. ಒಂದು ಜಾಗದ್ದಲ್ಲ, ನಾಲ್ಕು ಜಾಗದ್ದು.

ಅಮ್ಮ ಕೇಳಿದಳು: "ನೀನು ಆ ಜಗ್ಗಿಂದ ದಬದಬ ಅಂತ ಒಂದೇ ಕಡೆ ಸುರೀತಿದ್ದೆ. ಫಿಲ್ಟರ್‌ಗೆ ಹಂಗೆ ಸುರಿದ್ರೆ ಡಿಕಾಕ್ಷನ್ ಇಳಿಯುತ್ತೇನೋ?"

ಕಾಫಿ ಫಿಲ್ಟರ್ ನೋಡಿ ಬೆಳೆದವರಿಗೆಲ್ಲ ಇದು ಗೊತ್ತು. ಪುಡಿಯ ಮೇಲೆ ಆ ತೂತಿನ ತಟ್ಟೆ ಇಡೋದು ಯಾಕೆ? ನೀರು ನೇರ ಬಿದ್ದು ಗುಂಡಿ ತೋಡಬಾರದು ಅಂತ. ಗುಂಡಿ ಬಿದ್ದರೆ ನೀರು ಅದೇ ದಾರಿ ಹಿಡಿದು ಇಳಿದುಬಿಡುತ್ತೆ, ಸುತ್ತಲ ಪುಡಿ ನೆನೆಯೋದೇ ಇಲ್ಲ. ಡಿಕಾಕ್ಷನ್ ಬೇಗ ಇಳೀತು ಅಂದರೆ ತೆಳು ಆಯ್ತು ಅಂತಲೇ ಅರ್ಥ. ನನ್ನ ಕೂಲರಿನಲ್ಲಿ ಆಗ್ತಿದ್ದದ್ದೂ ಅದೇ. ನಾನು ಮಾಡ್ತಿದ್ದದ್ದು ಫ್ಲೈ ಸ್ಪಾರ್ಜ್. ಮೇಲಿಂದ ಎಷ್ಟು ನೀರು ಬೀಳುತ್ತೋ ಕೆಳಗಿಂದ ಅಷ್ಟೇ ವರ್ಟ್ ಇಳಿಯಬೇಕು, ರಾಶಿಯ ಮೇಲೆ ಯಾವಾಗಲೂ ಒಂದೆರಡು ಇಂಚು ನೀರು ನಿಂತಿರಬೇಕು, ಮುಗಿಯೋಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ನನಗೆ ಅಷ್ಟು ವ್ಯವಧಾನ ಎಲ್ಲಿ? ಹದಿನೈದು ನಿಮಿಷದಲ್ಲಿ ಮುಗಿಸ್ತಿದ್ದೆ. ಸಾಲದ್ದಕ್ಕೆ ನನ್ನ ಕೂಲರಿನ ಅಡಿಯಲ್ಲಿ ಇದ್ದದ್ದು ಒಂದೇ ಒಂದು ಜಾಲರಿ ಕೊಳವೆ. ನೀರು ಮೇಲಿಂದ ನೇರ ಅದರ ಕಡೆಗೆ ಓಡುತ್ತಿತ್ತು, ಮೂಲೆಗಳನ್ನ ಮುಟ್ಟುತ್ತಲೇ ಇರಲಿಲ್ಲ.

ಪರಿಹಾರ ಎರಡು. ಫ್ಲೈ ಸ್ಪಾರ್ಜನ್ನೇ ಸರಿಯಾಗಿ ಮಾಡೋದು ಒಂದು. ಅದಕ್ಕೆ ಅಡಿ ಪೂರ್ತಿ ಹರಡೋ ತೂತಿನ ತಟ್ಟೆ ಬೇಕು, ನಿಧಾನ ಬೇಕು. ಇನ್ನೊಂದು ಬ್ಯಾಚ್ ಸ್ಪಾರ್ಜ್. ಮೊದಲ ವರ್ಟನ್ನ ಪೂರ್ತಿ ಬಸಿದು, ಎಲ್ಲಾ ನೀರನ್ನೂ ಒಟ್ಟಿಗೆ ಹಾಕಿ, ಚೆನ್ನಾಗಿ ಕಲಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಬಸಿಯೋದು. ಕಲಕೋದ್ರಿಂದ ಗುಂಡಿ, ದಾರಿ ಅನ್ನೋ ಪ್ರಶ್ನೆಯೇ ಇಲ್ಲ. ನಾನು ಎರಡನೇದು ಹಿಡಿದೆ.

ಬ್ಯಾಚ್ ಸ್ಪಾರ್ಜಿನ ಲೆಕ್ಕ ಚೆಂದ, ಪೆನ್ನು ಪೇಪರ್ ಸಾಕು. ಒಂದು ಕೆ.ಜಿ. ಕಾಳು ಸುಮಾರು ಒಂದು ಲೀಟರ್ ನೀರು ಕುಡಿದು ಹಿಡ್ಕೊಳ್ಳುತ್ತೆ. ನನ್ನ ನಾಲ್ಕೂವರೆ ಕೆ.ಜಿ.ಗೆ 17 ಲೀಟರ್ ನೀರು ಹಾಕಿದರೆ ಬಸಿಯೋಕೆ ಸಿಗೋದು ಹನ್ನೆರಡೂವರೆ. ನಾಲ್ಕೂವರೆ ಲೀಟರ್ ಒಳಗೇ ಉಳೀತು. ಅಂದರೆ ಕರಗಿದ ಸಕ್ಕರೆಯಲ್ಲಿ ನೂರಕ್ಕೆ 27 ಭಾಗ ಒಳಗೇ ಇದೆ. ಈಗ 12 ಲೀಟರ್ ಹಾಕಿ ಕಲಕಿ ಬಸಿದರೆ, ಆ 27ರಲ್ಲಿ ಮತ್ತೆ ಒಳಗೆ ಉಳಿಯೋದು 7. ಅದೇ 12 ಲೀಟರನ್ನ ಆರಾರು ಲೀಟರಿನಂತೆ ಎರಡು ಸಲ ಹಾಕಿ ತೊಳೆದರೆ ಉಳಿಯೋದು 5. ಮೊದಲ ಸಲ ತೊಳೆದಾಗ 20 ಭಾಗ ಸಿಕ್ಕಿತು, ಅದನ್ನೇ ಎರಡು ಸಲ ಮಾಡಿದ ಕಷ್ಟಕ್ಕೆ ಸಿಕ್ಕಿದ್ದು 2. ಈ ಎರಡು ಭಾಗದ ಬಗ್ಗೆ ಆಮೇಲೆ ಹೇಳ್ತೀನಿ, ನನಗೆ ಪಾಠ ಕಲಿಸಿದ್ದು ಅದೇ.

ಇನ್ನು ಬಿಸಿ. ಸ್ಪಾರ್ಜ್ ನೀರು ಹಾಕಿದ ಮೇಲೆ ರಾಶಿ 76 ಡಿಗ್ರಿ ಹತ್ತಿರ ಬರಬೇಕು. 76 ಡಿಗ್ರಿಯ ನೀರನ್ನೇ ಹಾಕಿದರೆ ಬರಲ್ಲ, ಒಳಗಿರೋದು ಆಗಲೇ ತಣ್ಣಗಿರುತ್ತೆ. ನನ್ನ ಅಳತೆಗೆ 82 ಡಿಗ್ರಿ ನೀರು ಹಾಕಿದರೆ ಸರಿಹೋಗುತ್ತೆ. ಸ್ನಾನದ ನೀರು ಬೆರೆಸೋ ಲೆಕ್ಕವೇ. ಬಸಿಯೋ ಮುಂಚೆ ಮೊದಲು ಬರೋ ಒಂದೆರಡು ಲೀಟರ್ ಕದಡಿದ ವರ್ಟನ್ನ ಮತ್ತೆ ನಿಧಾನ ಮೇಲಕ್ಕೇ ಸುರೀಬೇಕು. ಕಾಳಿನ ಸಿಪ್ಪೆಯೇ ಜರಡಿಯಾಗಿ ಕೂತು, ಆಮೇಲೆ ತಿಳಿಯಾಗಿ ಬರುತ್ತೆ.

ಇಷ್ಟು ಮಾಡಿದ್ದಕ್ಕೆ 58 ಇದ್ದದ್ದು 66 ಆಯ್ತು. ಮಿಕ್ಕ ಪಾಪ ಇದ್ದದ್ದು ಗಿರಣಿಯಲ್ಲಿ. ಅಂಗಡಿಯಲ್ಲಿ ಒಡೆಸಿ ತರ್ತಿದ್ದ ಕಾಳನ್ನ ಹರಡಿ ನೋಡಿದರೆ ಇಡೀ ಕಾಳುಗಳು ನನ್ನ ಕಡೆ ನೋಡ್ತಿದ್ದವು. ಒಡೆಯದ ಕಾಳಿನ ಪಿಷ್ಟ ನೀರಿಗೆ ಸಿಗೋದೇ ಇಲ್ಲ, ಅದನ್ನ ಎಷ್ಟು ಸಲ ಸ್ಪಾರ್ಜ್ ಮಾಡಿ ಏನು ಬಂತು? ಕೈಯಲ್ಲಿ ತಿರುಗಿಸೋ ಎರಡು ರೋಲರಿನ ಗಿರಣಿ ತಗೊಂಡೆ, ಸಂದನ್ನ ಒಂದು ಮಿಲಿಮೀಟರಿಗೆ ಇಳಿಸಿದೆ. ಒಳಗಿನದ್ದು ರವೆ ಆಗಬೇಕು, ಸಿಪ್ಪೆ ಮಾತ್ರ ಆದಷ್ಟು ಇಡಿಯಾಗಿ ಉಳಿಯಬೇಕು. ಹಿಟ್ಟು ಮಾಡಿದರೆ ಬಸಿಯೋವಾಗ ಕಟ್ಟಿಕೊಳ್ಳುತ್ತೆ. "ಕಾಫಿ ಪುಡಿ ನುಣ್ಣಗಾದ್ರೂ ಇಳಿಯಲ್ಲ" ಅಂತ ಅಮ್ಮ ಪಕ್ಕದಿಂದ.

ಜುಲೈ ಕೊನೆಯ ಭಾನುವಾರ 1.054. 72ಕ್ಕೆ 54. ನೂರಕ್ಕೆ 75! ನಾನು ಗ್ಯಾರೇಜಲ್ಲಿ ಕುಣಿದದ್ದನ್ನ ಮಗಳು ವಿಡಿಯೋ ಮಾಡಿದಳು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನಂದು ಯಾವ ಉದ್ಯೋಗ ಅಂತ ಮೊದಲೇ ಹೇಳಿದ್ದೀನಿ. 75 ಬಂದರೆ 80 ಯಾಕೆ ಬರಬಾರದು? ಮತ್ತೆ ತೊಳೆದೆ. ಇನ್ನೊಂದು ಸಲ ನೀರು, ಮತ್ತೊಂದು ಸಲ ನೀರು. ಒಟ್ಟು 30 ಲೀಟರ್ ಬಸಿದೆ. ಅಷ್ಟನ್ನೂ 19ಕ್ಕೆ ಇಳಿಸೋಕೆ ಎರಡು ಗಂಟೆಗೂ ಮೀರಿ ಗ್ಯಾಸ್ ಉರಿಸಿದೆ. 82 ಬಂತು. ಸ್ಪ್ರೆಡ್‌ಶೀಟಿನ ಆ ಖಾನೆಗೆ ಹಸಿರು ಬಣ್ಣ ಬಳಿದೆ.

ಮೂರು ವಾರ ಕಳೆದು ಬಾಟಲಿ ತೆಗೆದರೆ ನಾಲಿಗೆ ಒಣಗಿತು. ಬೇಯಿಸದ ಬಾಳೆಕಾಯಿ ಕಚ್ಚಿದ ಹಾಗೆ, ಅರೆಹಣ್ಣು ನೇರಳೆ ತಿಂದ ಹಾಗೆ. ಕಹಿ ಅಲ್ಲ. ಹಾಪ್ಸ್ ಕೊಡೋ ಕಹಿ ಬೇರೆ, ಅದು ಹಿತ. ಇದು ಒಗರು. ಇದಕ್ಕೆ ಇಂಗ್ಲಿಷಿನವರು ಪುಸ್ತಕದ ಪದ ಹುಡುಕಬೇಕು, ನಮಗೆ ಒಂದೇ ಪದ ಸಾಕು.

ಆಗಿದ್ದಿಷ್ಟು. ಸಕ್ಕರೆ ಇರೋ ತನಕ ವರ್ಟ್ ಸ್ವಲ್ಪ ಹುಳಿಯಾಗಿರುತ್ತೆ, ಪಿಎಚ್ 5.3, 5.4ರ ಸುತ್ತ. ತೊಳೀತಾ ತೊಳೀತಾ ಅದು ತೆಳುವಾಗಿ, ನಲ್ಲಿ ನೀರಿನ ಗುಣವೇ ಮೇಲುಗೈ ಆಗುತ್ತೆ. ನಮ್ಮಲ್ಲಿ ಬರೋದು ಮಿಷಿಗನ್ ಸರೋವರದ ನೀರು, ಅದರ ಕ್ಷಾರ ತೀರಾ ಕಡಿಮೆಯೇನಲ್ಲ. ಪಿಎಚ್ ಆರರ ಹತ್ತಿರ ಬಂದರೆ, ಅದೂ ಬಿಸಿ ಇದ್ದಾಗ, ಸಿಪ್ಪೆಯಲ್ಲಿರೋ ಟ್ಯಾನಿನ್ ಬಿಟ್ಟುಕೊಳ್ಳೋಕೆ ಶುರು. ಅದಕ್ಕೇ ನಿಯಮ: ಕೆಳಗಿಳಿಯೋ ವರ್ಟಿನ ಗ್ರಾವಿಟಿ 1.010ರ ಹತ್ತಿರ ಬಂದಾಗ ನಲ್ಲಿ ಕಟ್ಟು. ಅಳತೆ ಮಾಡೋವಾಗ ತಣ್ಣಗೆ ಮಾಡಿ ಅಳೆಯಿರಿ, ಬಿಸಿಯಲ್ಲಿ ಹೈಡ್ರೋಮೀಟರ್ ಕಡಿಮೆ ತೋರಿಸುತ್ತೆ. ಕ್ಷಾರ ಹೆಚ್ಚಿರೋ ಊರಲ್ಲಿ ಸ್ಪಾರ್ಜ್ ನೀರಿಗೆ ಒಂದೆರಡು ಮಿಲಿ ಲ್ಯಾಕ್ಟಿಕ್ ಆಸಿಡ್ ಹಾಕಿ ಪಿಎಚ್ ಇಳಿಸಿಕೊಳ್ಳಬಹುದು. ಮೊಸರನ್ನ ಹುಳಿ ಮಾಡೋ ಆಸಿಡ್ಡೇ ಅದು. ಆಸಿಡ್ ಹಾಕಿದ್ದೇನೆ ಅಂತ ಕೊನೆ ಹನಿವರೆಗೂ ಹಿಂಡೋಕೆ ಹೋಗಬೇಡಿ.

ಸೋತ ಮುಖ ಹೊತ್ತು ಅಡುಗೆಮನೆಗೆ ಬಂದೆ. ಅಮ್ಮ ಸಂಜೆಯ ಕಾಫಿ ಬೆರೆಸ್ತಿದ್ದಳು.

"ಏನಾಯ್ತೋ?"

"ಒಗರಾಗಿದೆ."

"ಎಷ್ಟು ಸಲ ನೀರು ಹಾಕ್ದೆ?"

ಹೇಳಿದೆ.

"ಮೊದಲ ಡಿಕಾಕ್ಷನ್ ಬಂದೋರಿಗೆ, ಎರಡನೇದು ಮನೆಯೋರಿಗೆ. ಮೂರನೇ ಸಲ ಹಾಕಿದ್ರೆ ಬರೋದು ಬಣ್ಣ ಕಣೋ, ಕಾಫಿ ಅಲ್ಲ." ಲೋಟ ಕೈಗೆ ಕೊಟ್ಟಳು. ಅಲ್ಲಿಗೆ ಮುಗೀತು ಅಂದ್ಕೊಂಡೆ. ಮುಗಿದಿರಲಿಲ್ಲ. "ಒಂದು ಮಾತು ಕೇಳ್ಲಾ? ಇಷ್ಟೆಲ್ಲ ಹಿಂಡ್ತೀಯಲ್ಲ, ಇದನ್ನ ಯಾರು ಕುಡೀತಾರೆ?"

ಹೆಂಡತಿ ಒಲೆಯ ಕಡೆ ತಿರುಗಿ ನಿಂತಳು. ಒಲೆಯ ಮೇಲೆ ಏನೂ ಇರಲಿಲ್ಲ.

"ಫ್ರೆಂಡ್ಸ್ ಬರ್ತಾರಲ್ಲ" ಅಂದೆ. ಸುಳ್ಳಲ್ಲ. ಆದರೆ ಆ ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. 19 ಲೀಟರ್ ಅಂದರೆ ಸುಮಾರು 50 ಬಾಟಲಿ. ಮೂರು ವಾರಕ್ಕೊಮ್ಮೆ ಬ್ರೂ ಮಾಡ್ತೀನಿ. ಗೆಳೆಯರು ತಿಂಗಳಿಗೊಮ್ಮೆ ಬರ್ತಾರೆ, ಅವರಲ್ಲಿ ಇಬ್ಬರು ಕಾರ್ ಓಡಿಸೋರು. ಹೆಂಡತಿ ಭಾನುವಾರ ಅರ್ಧ ಗ್ಲಾಸ್. ಹಾಗಾದರೆ ಮೂಲೆಯಲ್ಲಿ ಬಾಟಲಿ ಪೇರಿಸಿಡೋಕೆ ಜಾಗ ಸಾಲದೇ ಹೋಗಬೇಕಿತ್ತಲ್ಲ? ಯಾವತ್ತೂ ಹಾಗಾಗಿರಲಿಲ್ಲ. ಹೊಸ ಬ್ಯಾಚ್ ತಯಾರಾಗೋ ಹೊತ್ತಿಗೆ ಹಳೇದು ಖಾಲಿ. ನಾನು ನೀರಿನ ಪಿಎಚ್ ಬರೆದಿಟ್ಟಿದ್ದೆ, ಗಿರಣಿಯ ಸಂದು ಬರೆದಿಟ್ಟಿದ್ದೆ, ಸೋರಿದ ಲೋಟ ವರ್ಟನ್ನೂ ಬರೆದಿಟ್ಟಿದ್ದೆ. ಕುಡಿದದ್ದನ್ನ ಬರೆಯೋ ಖಾನೆಯೇ ನನ್ನ ಸ್ಪ್ರೆಡ್‌ಶೀಟಿನಲ್ಲಿ ಇರಲಿಲ್ಲ.

ಇನ್ನೂ ಒಂದು ವಿಷಯ. ಎಫಿಷಿಯನ್ಸಿ 58ರಿಂದ 75 ಆದಾಗ ನಾನು ಮಾಲ್ಟ್ ಕಡಿಮೆ ಮಾಡಿರಲಿಲ್ಲ. ಅಷ್ಟೇ ಕಾಳು, ಹೆಚ್ಚು ಸಕ್ಕರೆ, ಅಂದರೆ ಹೆಚ್ಚು ಆಲ್ಕೋಹಾಲು. 4.2 ಪರ್ಸೆಂಟ್ ಇದ್ದದ್ದು ಐದೂವರೆ ಆಗಿತ್ತು. ಬಾಟಲಿ ಅಷ್ಟೇ, ಒಳಗಿನದ್ದು ಹೆಚ್ಚು. ಅದನ್ನ ನಾನು ಸಾಧನೆ ಅಂತ ಬರೆದುಕೊಂಡಿದ್ದೆ.

ಮರುದಿನ ಒಂದು ಖಾನೆ ಸೇರಿಸಿದೆ. ಯಾರಿಗೂ ಹೇಳಲಿಲ್ಲ. ಬದಲಾಗೋ ಪ್ರಯತ್ನವನ್ನೂ ಮಾಡಲಿಲ್ಲ, ಇರೋದನ್ನ ಇದ್ದ ಹಾಗೆ ಅಳೆಯೋಣ ಅಂತ. ಮೊದಲ ತಿಂಗಳ ಕೊನೆಗೆ ಬಂದದ್ದು 41. ಮಾವನ ಕಥೆಗೆ ಹೋಲಿಸಿದರೆ ಏನೂ ಅಲ್ಲ ಅಂತ ಸಮಾಧಾನ ಹೇಳಿಕೊಳ್ಳಬಹುದು. ಹೇಳಿಕೊಂಡೆ ಕೂಡ. ಆದರೆ ಯಾರಾದರೂ ಅಂದಾಜು ಎಷ್ಟು ಅಂತ ಮೊದಲೇ ಕೇಳಿದ್ದರೆ ನಾನು ಹದಿನೈದು ಅಂತಿದ್ದೆ. ಪ್ರಾಮಾಣಿಕವಾಗಿಯೇ ಅಂತಿದ್ದೆ. ನನಗೆ ಹೆದರಿಕೆ ಆದದ್ದು 41ಕ್ಕಲ್ಲ, ಆ ಹದಿನೈದಕ್ಕೆ. ಮಾವನಿಗೂ ತನ್ನದು ಹಬ್ಬಕ್ಕಷ್ಟೇ ಅಂತ ಎಷ್ಟು ವರ್ಷ ಪ್ರಾಮಾಣಿಕವಾಗಿ ಅನ್ನಿಸಿತ್ತೋ ಏನೋ.

ಕಾರ್ಟರ್ ಕಾನೂನು 200 ಗ್ಯಾಲನ್ ತನಕ ಬಿಡುತ್ತೆ ಅಂದೆನಲ್ಲ. ಅದು ಸರ್ಕಾರದ ಮಿತಿ. ಅದನ್ನ ನನ್ನ ಮಿತಿ ಅಂದುಕೊಂಡಿದ್ದು ನನ್ನ ತಪ್ಪು.

ಬ್ರೂ ಮಾಡೋದು ಬಿಟ್ಟಿಲ್ಲ. ಬಿಟ್ಟೆ ಅಂತ ಬರೆದರೆ ಕಥೆ ಚೆನ್ನಾಗಿರುತ್ತೆ, ನಿಜ ಆಗಿರಲ್ಲ. ಈಗ ಅರ್ಧ ಬ್ಯಾಚ್ ಮಾಡ್ತೀನಿ, ಎರಡೂವರೆ ಗ್ಯಾಲನ್, 25 ಬಾಟಲಿ, ಆರು ವಾರಕ್ಕೊಮ್ಮೆ. 75ರ ಎಫಿಷಿಯನ್ಸಿಯಲ್ಲಿ ಹಳೇ 4.2 ಪರ್ಸೆಂಟಿನ ಬಿಯರಿಗೆ ಎರಡು ಕೆ.ಜಿ.ಗೂ ಕಡಿಮೆ ಮಾಲ್ಟ್ ಸಾಕು. ಒಂದೇ ಸಲ ಸ್ಪಾರ್ಜ್, ಚೆನ್ನಾಗಿ ಕಲಕಿ, ಹತ್ತು ನಿಮಿಷ ಕಾದು, ಬಸಿದು, ನಿಲ್ಲಿಸ್ತೀನಿ. ಕಾಳಿನಲ್ಲಿ ಇನ್ನೂ ಒಂದು ಚೂರು ಸಿಹಿ ಉಳಿದಿರುತ್ತೆ. ಆ ಎರಡು ಭಾಗ. ಇರಲಿ ಬಿಡಿ. ಮೂವತ್ತು ಮೈಲಿ ದೂರದ ಒಂದು ಫಾರ್ಮಿನವರು ಚೀಲ ತುಂಬಿಟ್ಟರೆ ದನಕ್ಕೆ ಒಯ್ಯುತ್ತಾರೆ. ಅವರನ್ನ ಹುಡುಕಿಸಿದ್ದು ಅಮ್ಮನೇ, ಬೂಸಾ ಕಸಕ್ಕೆ ಹೋಗೋದನ್ನ ಅವಳಿಂದ ನೋಡೋಕಾಗ್ತಿರಲಿಲ್ಲ.

ಅಮ್ಮ ಅಕ್ಟೋಬರಿನಲ್ಲಿ ಊರಿಗೆ ಹೋದಳು. ಇದ್ದ ಅಷ್ಟೂ ದಿನ ನನ್ನ ಬಿಯರಿನ ಒಂದು ಹನಿ ಮುಟ್ಟಲಿಲ್ಲ, ಮುಟ್ಟು ಅಂತ ನಾನೂ ಹೇಳಲಿಲ್ಲ. ಈಸ್ಟ್ ಹಾಕೋ ಮುಂಚಿನ ವರ್ಟನ್ನ ಮಾತ್ರ ಬಾರ್ಲಿ ನೀರು ಅಂತ ಒಂದು ಲೋಟ ಕುಡಿದು, "ಇಲ್ಲಿಗೇ ನಿಲ್ಸಿದ್ರೆ ಏನಾಗ್ತಿತ್ತು?" ಅಂತ ಪ್ರತಿಸಲ ಕೇಳೋಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಮೊನ್ನೆ ಭಾನುವಾರ ಫೋನಲ್ಲಿ ಮಳೆ, ಹಸು, ಚಿಕ್ಕಮ್ಮನ ಮಂಡಿ ನೋವು ಎಲ್ಲ ಆದ ಮೇಲೆ ಕೇಳಿದಳು, "ಈ ತಿಂಗಳು ಎಷ್ಟಪ್ಪಾ?"

"ಎಪ್ಪತ್ತಾರು ಅಮ್ಮಾ!" ಅಂದೆ, ಹೆಮ್ಮೆಯಿಂದ.

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಹೊಸ ಖಾನೆಯ ವಿಷಯ ಹೆಂಡತಿ ಅವಳಿಗೆ ಹೇಳಿಬಿಟ್ಟಿದ್ದಾಳೆ ಅಂತ ನನಗೆ ಆಗ ಹೊಳೀತು.

"ಅಯ್ಯೋ, ಅದಲ್ಲಮ್ಮಾ, ಅದು ಎಫಿಷಿಯನ್ಸಿ. ಕುಡಿದದ್ದು ಒಂಬತ್ತು."

"ಹ್ಞೂಂ" ಅಂದಳು. "ಬರ್ಕೋ."